ಒಂಗೆಯಾಮನಿಗೆ ನೋವಾಯಿತೇ

ಒಂಗೆಯಾಮ ನಮ್ಮ ಆಡುಗಳ ಕಾವಲು ನಾಯಿ. ಮರಿಯಿದ್ದಾಗಲೇ ದೊಡ್ಡಿಗೆ ಬಿಟ್ಟು, ಆಡುಗಳ ಜೊತೆಯಲ್ಲೇ ಬೆಳೆಸಿದ್ದೆವು. ಅಂಥ ನಾಯಿಯನ್ನು ನಮ್ಮಲ್ಲಿ ಯಾರೂ ಮುಟ್ಟಿ ಮುದ್ದಿಸುವುದಿಲ್ಲ. ಮುದ್ದಿಸಿದರೆ ಮಂದೆ ಬಿಟ್ಟು ಒಲೆಯ ಹತ್ತಿರ ಬಂದು ಬಿದ್ದುಕೊಳ್ಳುತ್ತದೆ. ಮೊನ್ನೆ ಚಿರತೆಯನ್ನು ಅಟ್ಟಿಸಿಕೊಂಡು ಹೋದವನು ಬಂಡೆಯಿಂದ ಬಿದ್ದ, ಹಿಂಗಾಲೆರಡೂ ಜೋತುಬಿದ್ದವು. ನನ್ನ ತಮ್ಮ ಕವಾರಿ ಅವನನ್ನು ಕುಂಟುವ ಆಡನ್ನು ಹೊರುವ ಹಾಗೆ ಹೆಗಲಿಗೆ ಅಡ್ಡ ಹಾಕಿಕೊಂಡು ಗುಡ್ಡ ಇಳಿಸಿದ.

ವಿಂಡ್‌ಹೂಕ್ ಪಟ್ಟಣದ ಆಸ್ಪತ್ರೆಯಲ್ಲಿ ಪಶುವೈದ್ಯೆ ಗವಾಸೆಸ್ ಅಷ್ಟು ಕೇಳಿಯೇ ಹಣೆ ಒತ್ತಿಕೊಂಡರು.

"ಬೆನ್ನು ಮುರಿದಿರೋ ನಾಯೀನ ಹಲಗೆ ಮೇಲೆ ಮಲಗಿಸಿ ತರ್ಬೇಕಪ್ಪಾ. ಒಳಗಿನ ನರ ಪೂರ್ತಿ ಕಡಿದುಹೋಗಿದ್ರೆ ಆಪರೇಷನ್ ಮಾಡಿಯೂ ಪ್ರಯೋಜನ ಇಲ್ಲ. ನರಳಿಸೋ ಬದ್ಲು ಇವತ್ತೇ ಇಂಜೆಕ್ಷನ್ ಕೊಟ್ಟುಬಿಡೋದು ವಾಸಿ."

ಕವಾರಿ ನನ್ನ ಮುಖ ನೋಡಲಿಲ್ಲ.

ಅವರು ಇಕ್ಕಳದಿಂದ ಹಿಂಗಾಲಿನ ಬೆರಳು ಹಿಸುಕಿದರು. ಕಾಲು ಸರಕ್ಕನೆ ಹಿಂದೆ ಹೋಯಿತು.

"ಎಳ್ಕೊಂಡ ನೋಡಕ್ಕ," ಎಂದ ಕವಾರಿ. "ನಾನೇನೂ ಕೊಂದಿಲ್ಲ ಅವನ್ನ."

"ಅದು ಕಾಲು ತಾನಾಗೇ ಮಾಡೋದು," ಎಂದರು ಡಾಕ್ಟರು. "ನೋವು ಅವನ ತಲೆಗೆ ಮುಟ್ಬೇಕು. ಕೂಗ್ಬೇಕು, ಇಲ್ಲ ತಿರುಗಿ ನೋಡ್ಬೇಕು."

ಇನ್ನೂ ಗಟ್ಟಿಯಾಗಿ ಹಿಸುಕಿದರು. ಒಂಗೆಯಾಮ ಗೋಡೆ ನೋಡುತ್ತಾ ಏದುಸಿರು ಬಿಡುತ್ತಿದ್ದ.

"ಅವನು ಕೂಗೋನಲ್ಲ ಡಾಕ್ಟ್ರೇ," ಎಂದೆ. "ಕವಾರಿ ಮುಳ್ಳು ಕಿತ್ತಾಗ್ಲೂ ಕೂಗಿಲ್ಲ. ಕೂಗಿದ್ರೆ ಯಾರು ಬರ್ತಾರೆ, ಆಡುಗಳಾ?"

"ಸರಿ, ಇನ್ನೊಂದು ಕಾಲು ನೋಡ್ತೀನಿ. ತಲೆ ಮೆತ್ತಗೆ ಹಿಡ್ಕೊಳ್ಳಮ್ಮ."

ಎಲ್ಲಿ ಹಿಡಿಯಬೇಕೆಂದೇ ತಿಳಿಯಲಿಲ್ಲ. ದವಡೆಯ ಕೆಳಗೆ ಅಂಗೈ ತೂರಿಸಿದೆ. ಅವನ ಮೈ ಬಿಗಿಯಿತು. ನಾನು ಮೊದಲ ಸಲ ಮುಟ್ಟುತ್ತಿದ್ದೇನೆ, ಇದೇ ಕೊನೆಯ ಸಲವೂ ಆದೀತು ಅನ್ನಿಸಿತು.

ಇಕ್ಕಳ ಒತ್ತಿತು. ಅವನ ಏದುಸಿರು ನಿಂತಿತು. ಮರುಕ್ಷಣ ಹಲ್ಲು ನನ್ನ ಮಣಿಕಟ್ಟಿಗೆ ಇಳಿಯಿತು.

ಡಾಕ್ಟರು ಸಡಿಲಿಸಿದರು, ಹಲ್ಲೂ ಸಡಿಲವಾಯಿತು. ಮತ್ತೆ ಒತ್ತಿದರು, ಮತ್ತೆ ಕಚ್ಚಿದ. ರಕ್ತ ತೊಟ್ಟಿಕ್ಕುತ್ತಿತ್ತು, ಕೈ ತೆಗೆಯಲು ನನಗೆ ಮನಸ್ಸಾಗಲಿಲ್ಲ.

"ಗೊತ್ತಾಗ್ತಿದೆ ಅವನಿಗೆ," ಎಂದರು. "ಈಗ್ಲೇ ಆಪರೇಷನ್ ಮಾಡ್ತೀನಿ. ನಡೀತಾನೆ ಅಂತ ಮಾತ್ರ ಮಾತು ಕೊಡಲ್ಲ."

ಅವನನ್ನು ಒಳಗೆ ಒಯ್ದರು, ಬಾಗಿಲು ಮುಚ್ಚಿತು. ಅಲ್ಲಿಯವರೆಗೆ ಹೇಗೋ ಗಟ್ಟಿಯಾಗಿ ನಿಂತಿದ್ದೆ. ಉಳಿದರೂ ಉಳಿದಾನು ಎಂದು ಗೊತ್ತಾದ ಮೇಲೆ ಕಚ್ಚಿಸಿಕೊಂಡ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತೆ.