ಮೋವಾದ ಎರಡು ರೆಕ್ಕೆಗಳು

ಸವಣೂರಿನ ಪ್ರೌಢಶಾಲೆಯಿಂದ ತಾಲೂಕು ವಿಜ್ಞಾನ ಮೇಳಕ್ಕೆ ಹೋಗುವ ಮಾದರಿಯನ್ನು ಹದಿನಾರು ವರ್ಷ ಸಿದ್ಧಪಡಿಸಿದವರು ವಾರಿಜಾಕ್ಷಿ ಟೀಚರ್. ಈ ವರ್ಷ ಹೆಡ್‌ಮಾಸ್ಟರು ಆ ಕೆಲಸವನ್ನು, ಶಾಲೆಗೆ ಬಂದು ಎಂಟೇ ತಿಂಗಳಾದ ರಸೀನಾ ಟೀಚರಿಗೆ ಕೊಟ್ಟರು. "ಮಕ್ಕಳಿಗೆ ಸ್ವಲ್ಪ ಹೊಸತು ಬೇಕಲ್ಲ" ಎಂದಷ್ಟೇ ಹೇಳಿದರು.

ರಸೀನಾ ಆರಿಸಿಕೊಂಡದ್ದು ಮೋವಾ, ನ್ಯೂಜಿಲೆಂಡಿನ ದ್ವೀಪಗಳಲ್ಲಿದ್ದ ಹಾರಲಾರದ ದೈತ್ಯ ಹಕ್ಕಿ. ಬಿದಿರಿನ ಚೌಕಟ್ಟಿನ ಮೇಲೆ ಗರಿಗಳ ಬದಲು ತೆಂಗಿನ ನಾರು. ಕತ್ತು ಎತ್ತಿ ನಿಲ್ಲಿಸಿದರೆ ಹನ್ನೊಂದು ಅಡಿ. ಮಧ್ಯಾಹ್ನದ ಊಟ ಗಬಗಬನೆ ಮುಗಿಸಿ ಮಕ್ಕಳು ಅದರ ಬಳಿಗೆ ಓಡುತ್ತಿದ್ದರು. ಮೊದಲು ಹಾಗೆ ಓಡುತ್ತಿದ್ದದ್ದು ವಾರಿಜಾಕ್ಷಿಯ ಪ್ರಯೋಗಾಲಯಕ್ಕೆ.

"ಮನುಷ್ಯರು ದ್ವೀಪಕ್ಕೆ ಬಂದರು. ಬೇಟೆಯಾಡಿದರು, ಮೊಟ್ಟೆ ತಿಂದರು, ಕಾಡು ಸುಟ್ಟರು. ಹೆಚ್ಚುಕಮ್ಮಿ ನೂರೈವತ್ತು ವರ್ಷದೊಳಗೆ ಒಂದು ಮೋವಾ ಕೂಡ ಉಳಿಯಲಿಲ್ಲ" ಎಂದು ರಸೀನಾ ವಿವರಿಸುವುದು ಗೋಡೆಯಾಚೆಯಿಂದ ಕೇಳಿಸಿತು. ನನ್ನನ್ನು ಇಲ್ಲವಾಗಿಸಲು ಇಲ್ಲಿ ಎಂಟೇ ತಿಂಗಳು ಸಾಕಾಯಿತು ಎಂದುಕೊಂಡರು ವಾರಿಜಾಕ್ಷಿ.

ಮೇಳದ ಹಿಂದಿನ ದಿನ ರಸೀನಾ ವಾರಿಜಾಕ್ಷಿಯನ್ನು ಕರೆದಳು.

"ಟೀಚರೇ, ಒಮ್ಮೆ ಸರಿಯಾಗಿ ನೋಡಿ. ಎಂತಾದ್ರೂ ತಪ್ಪು ಉಂಟಾದ್ರೆ ಇವತ್ತೇ ಹೇಳಿ."

ವಾರಿಜಾಕ್ಷಿ ಹಕ್ಕಿಗೆ ಒಂದು ಸುತ್ತು ಬಂದರು. ಎರಡೂ ಪಕ್ಕದಲ್ಲಿ ಗೇಣುದ್ದದ ರೆಕ್ಕೆಗಳಿದ್ದವು. ಉಷ್ಟ್ರಪಕ್ಷಿಗೆ, ಎಮುವಿಗೆ ಹಾರಲಾಗದಿದ್ದರೂ ರೆಕ್ಕೆಯಿದೆ. ಮೋವಾಕ್ಕೆ ರೆಕ್ಕೆಯ ಒಂದು ಎಲುಬೂ ಇರಲಿಲ್ಲ. ಅವರಿಗೆ ಇದು ಗೊತ್ತಿತ್ತು. ರಸೀನಾ ವಿಷಯ ಆರಿಸಿದ ದಿನವೇ, ತಪ್ಪು ಹುಡುಕಬೇಕೆಂದೇ ಕುಳಿತು ಓದಿದ್ದರು.

"ರೆಕ್ಕೆ ಯಾರು ಮಾಡಿದ್ದು?"

"ಮಕ್ಕಳು. ರೆಕ್ಕೆ ಇಲ್ಲದಿದ್ರೆ ಒಂಟೆ ಹಾಗೆ ಕಾಣ್ತದಂತೆ. ಸರಿ ಉಂಟಲ್ಲ?"

"ಎಲ್ಲ ಸರಿ ಉಂಟು" ಎಂದರು ವಾರಿಜಾಕ್ಷಿ.

ಮರುದಿನ ಬೆಳಿಗ್ಗೆ ಅಲಿ ಕುಂಞಿಯ ಪಿಕಪ್‌ನಲ್ಲಿ ಹಕ್ಕಿಯನ್ನು ಮಲಗಿಸಿದರು. ಕೊಕ್ಕು ಹಿಂದಿನಿಂದ ಹೊರಗೆ ಚಾಚಿತ್ತು. ಅಲಿ ಕುಂಞಿ ಅದಕ್ಕೊಂದು ಕೆಂಪು ಬಟ್ಟೆ ಕಟ್ಟಿದ.

"ಪುತ್ತೂರಿಗಾದ್ರೆ ಅಡ್ಡಿಯಿಲ್ಲ. ಇದನ್ನು ಹಾಕಿಕೊಂಡು ಗುಂಡ್ಯದ ಕಾಡಿನ ದಾರಿಯಲ್ಲಿ ಹೋದ್ರೆ ಫಾರೆಸ್ಟಿನವರು ನನ್ನನ್ನೇ ಹಿಡಿತಾರೆ ಮಾರಾಯ್ರೆ!"

"ಸತ್ತು ಆರುನೂರು ವರ್ಷ ಆಯ್ತು ಅಂತ ಹೇಳಿ" ಎಂದಳು ರಸೀನಾ. ಮಕ್ಕಳು ಬಿದ್ದು ಬಿದ್ದು ನಕ್ಕರು. ತನಗೂ ನಗು ಬಂದದ್ದು ವಾರಿಜಾಕ್ಷಿಗೆ ಸಹಿಸಲಾಗಲಿಲ್ಲ.

ಪುತ್ತೂರಿನ ಸಭಾಂಗಣದಲ್ಲಿ ಹಕ್ಕಿ ಎದ್ದು ನಿಂತಿತು. ಬೇರೆ ಶಾಲೆಯವರು ತಮ್ಮ ಮೇಜು ಬಿಟ್ಟು ನೋಡಲು ಬಂದರು. ರಸೀನಾ ಅದರ ಪಕ್ಕದಲ್ಲಿ ವಿವರದ ಫಲಕ ಇಟ್ಟಳು. ಫಲಕದ ಕೊನೆಯಲ್ಲಿ, ಅವಳ ಹೆಸರಿಗಿಂತ ಮೇಲೆ, ಹೀಗಿತ್ತು: ಮಾಹಿತಿ ಪರಿಶೀಲನೆ, ವಾರಿಜಾಕ್ಷಿ ಟೀಚರ್.

"ನನ್ನ ಹೆಸರು ಯಾಕೆ ಹಾಕಿದ್ದು?"

"ನೀವು ನೋಡಿದ್ದೀರಲ್ಲ. ನಿಮ್ಮ ಹೆಸರಿದ್ರೆ ಮತ್ತೆ ಯಾರೂ ಮಾತಾಡುದಿಲ್ಲ ಟೀಚರೇ."

ತೀರ್ಪುಗಾರರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು. ಮೂರು ಮೇಜು ಆಚೆಗಿದ್ದರು. ವಾರಿಜಾಕ್ಷಿ ಮುಂದೆ ಬಂದು ಹಕ್ಕಿಯ ಬಲರೆಕ್ಕೆ ಹಿಡಿದು ಎಳೆದರು. ರೆಕ್ಕೆಯ ಜೊತೆ ಒಂದು ಹಿಡಿ ನಾರೂ ಕಿತ್ತು ಬಂತು.

"ಅಯ್ಯೋ, ಎಂತ ಮಾಡುದು ನೀವು!"

"ಇದಕ್ಕೆ ರೆಕ್ಕೆ ಇರ್ಲಿಲ್ಲ ಮಾರಾಯ್ತಿ. ಎಲುಬು ಕೂಡ ಇಲ್ಲ."

ರಸೀನಾ ಒಂದು ಕ್ಷಣ ಅವರನ್ನು ನೋಡಿದಳು. "ಈಗ ನೆನಪಾದದ್ದಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ತಪ್ಪಿಸಿಕೊಳ್ಳುವ ದಾರಿಯನ್ನೂ ಇವಳೇ ಕೊಡುತ್ತಿದ್ದಾಳೆ ಎನ್ನಿಸಿತು ವಾರಿಜಾಕ್ಷಿಗೆ. ಅದನ್ನು ಅವಳ ಕೈಯಿಂದ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

"ಇಲ್ಲ. ನಿನ್ನೆಯೇ ಗೊತ್ತಿತ್ತು."

ರಸೀನಾ ಕತ್ತರಿ ತೆಗೆದು ಎಡರೆಕ್ಕೆಯನ್ನೂ ಕತ್ತರಿಸಿ, ವಾರಿಜಾಕ್ಷಿಯ ಕೈಗೆ ತುರುಕಿದಳು. ಉಳಿದ ನಾರನ್ನು ಎಳೆದು ತೂತು ಮುಚ್ಚಿದಳು. ಫಲಕದಲ್ಲಿದ್ದ ವಾರಿಜಾಕ್ಷಿಯ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿದಳು. ಅಷ್ಟರಲ್ಲಿ ತೀರ್ಪುಗಾರರು ಬಂದರು.

ರಸೀನಾ ಮೋವಾದ ಕತೆಯನ್ನು ಮೊದಲಿನಿಂದ ವಿವರಿಸಿದಳು. ಎಲ್ಲ ಕೇಳಿ ತೀರ್ಪುಗಾರರು ಹಕ್ಕಿಯ ಪಕ್ಕೆ ಮುಟ್ಟಿ ನೋಡಿದರು.

"ರೆಕ್ಕೆ ಇಡದೆ ಮಾಡಿದ್ದೀರಿ, ಒಳ್ಳೆಯದಾಯ್ತು. ತುಂಬ ಜನ ಇಲ್ಲೇ ತಪ್ಪುದು. ನಿಮಗೆ ಯಾರು ಹೇಳಿದ್ದು?"

"ನಮ್ಮ ಶಾಲೆಯಲ್ಲಿ ಒಬ್ಬರಿಗೆ ಗೊತ್ತಿತ್ತು ಸರ್" ಎಂದಳು ರಸೀನಾ.

ಹಕ್ಕಿಯ ಹಿಂದೆ ಎರಡು ರೆಕ್ಕೆ ಹಿಡಿದು ನಿಂತಿದ್ದ ವಾರಿಜಾಕ್ಷಿಯ ಕಡೆಗೆ ಅವಳು ತಿರುಗಿ ನೋಡಲಿಲ್ಲ.