ಕೂತು ಉಳಿಸಿದ ಮೊಣಕಾಲು

ಹೊಲಿಗೆ ಮೆಷಿನ್ ರಿಪೇರಿಯವರ ಮನೆಯಲ್ಲಿ ಕೆಲವು ತಿಂಗಳಿಂದ ಒಂದು ಘನಗಂಭೀರ ಪ್ರಶ್ನೆ ಇತ್ಯರ್ಥವಾಗದೆ ಉಳಿದಿತ್ತು: ಅವರ ಹೆಂಡತಿ ಕುಡಿಯುವ ನೀರಿನ ಲೋಟವನ್ನು ಅಡುಗೆಮನೆಯಿಂದ ಯಾರು ತರಬೇಕು? ಹೆಂಡತಿ ಏಳುವುದು, ಗಂಡ ಓಡಿಬಂದು "ಕೂತ್ಕೋ, ಕೂತ್ಕೋ, ಸವೆದುಹೋಗುತ್ತೆ!" ಎನ್ನುವುದು, ಅಷ್ಟರಲ್ಲಿ ಬಾಯಾರಿಕೆಗೇ ಬೇಸರ ಬಂದು ಅದು ಹೊರಟುಹೋಗುತ್ತಿತ್ತು.

ಸವೆಯುವುದು ಲೋಟವಲ್ಲ, ಆಕೆಯ ಮೊಣಕಾಲು. ಮನೆಯ ಮುಂದಿನ ಕೋಣೆಯೇ ರಿಪೇರಿಯವರ ಅಂಗಡಿ. ಆಯುಷ್ಯವೆಲ್ಲ ಸವೆದ ಗೇರುಗಳನ್ನೇ ನೋಡಿದವರು. ಮೆಷಿನ್ ಕಟಕಟ ಎಂದರೆ ಎಣ್ಣೆ ಬಿಡಬೇಕು. ಎಣ್ಣೆಗೂ ಬಗ್ಗದಿದ್ದರೆ ಓಡಿಸುವುದನ್ನು ನಿಲ್ಲಿಸಬೇಕು. ಹೆಂಡತಿಯ ಮೊಣಕಾಲು ಕಟಕಟ ಎಂದು ನೋಯತೊಡಗಿದಾಗ ಎರಡನ್ನೂ ಮಾಡಿದರು. ಪ್ರೀತಿಯಿಂದಲೇ. ತರಕಾರಿ ತರುವುದು, ಬಟ್ಟೆ ಒಣಹಾಕುವುದು, ಯಾರಾದರೂ ಬಂದರೆ ಬಾಗಿಲು ತೆಗೆಯುವುದು ಎಲ್ಲ ಅವರದೇ. ಆಕೆ ರಾಣಿಯ ಹಾಗೆ ಕುರ್ಚಿಯಲ್ಲಿ. ಕೂತಷ್ಟೂ ಏಳುವುದು ಕಷ್ಟವಾಯಿತು. ಏಳುವುದು ಕಷ್ಟವಾದಷ್ಟೂ ಗಂಡ ಇನ್ನಷ್ಟು ಕೂರಿಸಿದರು.

ಹೀಗಿರುವಾಗ ಬಸುರಿ ಮಗಳ ಫೋನು ಬಂತು. "ಅಮ್ಮಾ, ಹೆರಿಗೆ ಹೊತ್ತಿಗೆ ಬಂದು ನನ್ನ ಜೊತೆ ಇರ್ತೀಯಾ?"

"ಬರದೆ ಇರ್ತೀನೇನೇ," ಎಂದರು ತಾಯಿ. ಫೋನ್ ಇಟ್ಟ ಮೇಲೆ ಕಣ್ಣೊರೆಸಿಕೊಂಡರು. ಮಗಳ ಮನೆ ಮೂರನೇ ಮಹಡಿ. ಲಿಫ್ಟ್ ಇಲ್ಲ.

"ಬೇಜಾರು ಮಾಡ್ಕೋಬೇಡ ಕಣೇ," ಎಂದರು ಗಂಡ. "ಮಗೂನ ಕೆಳಗೆ ತಂದು ತೋರಿಸ್ತಾರೆ."

"ನಾನೇನು ಬಾಗಿಲಿಗೆ ಬಂದ ಅಪರಿಚಿತಳಾ ರೀ, ತೋರಿಸಿ ಕಳಿಸೋಕೆ?"

ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದರು. ಡಾಕ್ಟರು ಮೊಣಕಾಲನ್ನು ಮಡಚಿ, ಬಿಡಿಸಿ, ಒತ್ತಿ ನೋಡಿದರು. ವಯಸ್ಸಿನ ಕೀಲುನೋವು, ಬೇರೆ ಭಯವಿಲ್ಲ ಎಂದು ಪಕ್ಕದ ಕೋಣೆಯ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದರು. ಕೀಲುನೋವಿನವರಿಗೆ ವ್ಯಾಯಾಮ ಕಲಿಸುವ ತರುಣಿ ಅವಳು. ಅವಳ ಮೊದಲ ಮಾತೇ, "ಅಮ್ಮಾ, ಕುರ್ಚಿಯಿಂದ ಎದ್ದು ನಿಲ್ಲಿ. ಕೂತ್ಕೊಳ್ಳಿ. ಮತ್ತೆ ಏಳಿ."

ರಿಪೇರಿಯವರು ಅಡ್ಡ ಬಂದರು. "ಏನಮ್ಮಾ ಇದು? ನಾನು ಹೊಲಿಗೆ ಮೆಷಿನ್ ರಿಪೇರಿಯವನು. ಸವೆದ ಗೇರನ್ನ ಇನ್ನೂ ತಿರುಗಿಸು ಅಂತೀಯಲ್ಲ!"

"ನಿಮ್ಮ ಮೆಷಿನ್ನು ಓಡ್ತಾ ಓಡ್ತಾ ಗಟ್ಟಿ ಆಗುತ್ತಾ ಅಂಕಲ್?"

"ಆಗಿದ್ರೆ ನಾನು ಯಾವತ್ತೋ ಅಂಗಡಿ ಮುಚ್ಚಬೇಕಿತ್ತು."

"ಆದ್ರೆ ತೊಡೆಯ ಸ್ನಾಯು ಗಟ್ಟಿ ಆಗುತ್ತೆ. ಅದು ಗಟ್ಟಿಯಾದ್ರೆ ಮೊಣಕಾಲಿಗೆ ಆಸರೆ ಕೊಡುತ್ತೆ. ಕೂರಿಸಿಟ್ರೆ ಸೊರಗುತ್ತೆ. ಬರೀ ಕಟಕಟ ಶಬ್ದಕ್ಕೆ ಹೆದರಬೇಡಿ."

"ಇದೇ ಆಸ್ಪತ್ರೇಲಿ ಹಿಂದೆ ನಮ್ಮಮ್ಮನಿಗೆ ರೆಸ್ಟ್ ತಗೊಳ್ಳಿ ಅಂದಿದ್ರು. ಅವತ್ತೊಂದು, ಇವತ್ತೊಂದು. ಯಾವುದನ್ನ ನಂಬೋದು?"

ತರುಣಿ ಕೋಪಿಸಿಕೊಳ್ಳಲಿಲ್ಲ. "ಅಂದಿದ್ದು ನಿಜ. ಆದ್ರೆ ಸಂಶೋಧಕರು ಮೊಣಕಾಲುನೋವಿನ ಎಷ್ಟೋ ಜನರನ್ನ ವ್ಯಾಯಾಮ ಮಾಡೋರು, ಮಾಡದೋರು ಅಂತ ಗುಂಪು ಮಾಡಿ ಹೋಲಿಸಿ ನೋಡಿದಾರೆ ಅಂಕಲ್. ವ್ಯಾಯಾಮ ಮಾಡಿದವರಿಗೆ ನೋವು ಕಡಿಮೆಯಾಗಿ ಓಡಾಟ ಸಲೀಸಾಯ್ತು. ಎಲ್ಲರಿಗೂ ಒಂದೇ ಸಮ ಅಲ್ಲ, ಆದ್ರೂ ಬಹಳ ಜನಕ್ಕೆ. ಆ ಸಂಶೋಧನೆ ಪುಸ್ತಕದಿಂದ ನಮ್ಮ ಈ ಕೋಣೆಗೆ ಬರೋದಕ್ಕೆ ವರ್ಷಗಳೇ ಹಿಡಿದ್ವು."

"ಪಾಪ, ಅದಕ್ಕೂ ಮೊಣಕಾಲು ನೋವಿತ್ತೇನೋ," ಎಂದರು ಹೆಂಡತಿ, ಎರಡನೇ ಸಲ ಎದ್ದು ನಿಲ್ಲುತ್ತಾ.

ಮನೆಯಲ್ಲಿ ವ್ಯಾಯಾಮ ಶುರುವಾಯಿತು. ಆಕೆ ಏಳುವಾಗಲೆಲ್ಲ ಗಂಡ ಹಿಂದೆ ನಿಂತು, ಜಾರುತ್ತಿರುವ ಗಾಜಿನ ಪಾತ್ರೆ ಹಿಡಿಯುವವರಂತೆ ಕೈ ಚಾಚಿರುತ್ತಿದ್ದರು.

"ಕೈ ತೆಗೀರಿ, ಕಚಗುಳಿ ಆಗುತ್ತೆ."

ವಾರ ಕಳೆಯುವಷ್ಟರಲ್ಲಿ ನೋವು ತುಸು ಹೆಚ್ಚಿತು. ರಿಪೇರಿಯವರು ಗೆದ್ದವರ ಮುಖ ಮಾಡಲು ಹೊರಟು, ಹೆಂಡತಿಯ ಮುಖ ನೋಡಿ ಅರ್ಧಕ್ಕೇ ಬಿಟ್ಟರು. ತಾವೇ ಆಸ್ಪತ್ರೆಗೆ ಫೋನ್ ಮಾಡಿದರು.

"ಮಾರನೇ ದಿನಕ್ಕೆ ನೋವು ಇಳಿಯುತ್ತಾ ಅಂಕಲ್?" ಎಂದಳು ತರುಣಿ.

"ಇಳಿಯುತ್ತೆ."

"ಹಾಗಾದ್ರೆ ಮುಂದುವರಿಸಿ. ಇಳೀದಿದ್ರೆ ಸ್ವಲ್ಪ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಸದ್ಯಕ್ಕೆ ಕುರ್ಚಿ ಎತ್ತರ ಇದ್ರೆ ಏಳೋದು ಸುಲಭ."

ಕೊನೆಗೂ ರಿಪೇರಿಯವರಿಗೆ ತಮಗೆ ಅರ್ಥವಾಗುವ ಕೆಲಸವೊಂದು ಸಿಕ್ಕಿತು. ಆ ಸಂಜೆಯೇ ಕುರ್ಚಿಯ ಕಾಲುಗಳಿಗೆ ಮರದ ತುಂಡು ಜೋಡಿಸಿ ಎತ್ತರಿಸಿದರು. ಹೆಂಡತಿ ಗಟ್ಟಿಯಾದಂತೆ ಒಂದು ದಿನ ಆ ತುಂಡುಗಳನ್ನು ತೆಗೆದೂ ತೆಗೆದರು. ಬೆಳಿಗ್ಗೆ ಅಂಗಡಿ ತೆರೆಯುವ ಮುನ್ನ ಇಬ್ಬರೂ ಬೀದಿಯ ತುದಿಯವರೆಗೆ ನಡೆದು ಬರುತ್ತಿದ್ದರು. ಯಾರಾದರೂ ಕೇಳಿದರೆ, "ಡಾಕ್ಟರು ಹೇಳಿದಾರೆ" ಎನ್ನುವರು. ಕೈ ಕೈ ಹಿಡಿದುಕೊಳ್ಳಲು ಯಾವ ಡಾಕ್ಟರೂ ಹೇಳಿರಲಿಲ್ಲ.

ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಯಾರನ್ನೋ ಪ್ರೀತಿಯಿಂದ ಕೂರಿಸಿಟ್ಟಿರಬಹುದು. ಕೀಲು ಕೆಂಪಾಗಿ, ಬಿಸಿಯಾಗಿ ಊದಿದ್ದರೆ, ಜೊತೆಗೆ ಜ್ವರವಿದ್ದರೆ, ಬಿದ್ದು ಪೆಟ್ಟಾಗಿದ್ದರೆ, ಕಾಲೂರಲು ಆಗದಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಬಹುಕಾಲದ ನೋವಾದರೂ ಒಮ್ಮೆ ತೋರಿಸಿ, "ನನಗೆ ಯಾವ ವ್ಯಾಯಾಮ ಸರಿ?" ಎಂದು ಬಾಯಿಬಿಟ್ಟು ಕೇಳಿ. ಡಾಕ್ಟರು ಕೊಟ್ಟ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ; ಓಡಾಟವನ್ನೂ ನಿಲ್ಲಿಸಬೇಡಿ.

ಹೆರಿಗೆಗೆ ಮುಂಚಿನ ವಾರ ರಿಪೇರಿಯವರ ಹೆಂಡತಿ ಕಂಬಿ ಹಿಡಿದು, ನಡುನಡುವೆ ನಿಂತು, ಮಗಳ ಮನೆಯ ಮೆಟ್ಟಿಲು ಹತ್ತಿದರು. ಎರಡನೇ ಮಹಡಿಯಲ್ಲಿ ಗಂಡ ಏದುಸಿರು ಬಿಡುತ್ತಾ ಚೀಲದ ಮೇಲೆ ಕೂತುಬಿಟ್ಟರು.

"ಸುಧಾರಿಸ್ಕೊಂಡು ಬನ್ನಿ," ಎಂದು ಆಕೆ ಮುಂದೆ ಹೋದರು.

ಹೆಣ್ಣು ಮಗು ಹುಟ್ಟಿತು. ಅಜ್ಜಿ ಎರಡು ತಿಂಗಳು ಅಲ್ಲೇ ಇದ್ದರು.