ಅತ್ತಿಗೆಯ ಫೋನಿನ ಬಾಯಿ

ಅವನು ಕೆಲಸ ಮಾಡುತ್ತಿದ್ದುದು ಕನ್ನಡಕದ ಅಂಗಡಿಯಲ್ಲಿ, ಹೆಸರು ಮಾಡಿದ್ದು ಮಾತ್ರ ಫೋನಿನ ವಿಷಯದಲ್ಲಿ. ಯಾರ ಫೋನಾದರೂ ಆಮೆಯ ಹಾಗೆ ತೆವಳುತ್ತಿದೆ ಎಂದು ಕಂಡರೆ ಸಾಕು, ಅವನ ಬೆರಳು ತುರಿಸತೊಡಗುತ್ತಿತ್ತು. ಕನ್ನಡಕ ಕೊಳ್ಳಲು ಬಂದವರ ಫೋನು, ಪಕ್ಕದ ಬೇಕರಿಯವನ ಫೋನು, ಕೆಳಮನೆಯ ಅಜ್ಜಿಯ ಫೋನು, ಯಾವುದನ್ನೂ ಬಿಟ್ಟವನಲ್ಲ. ಅಂಗಡಿಯ ಯಜಮಾನರು ಅವನನ್ನು "ಫೋನ್ ಡಾಕ್ಟ್ರೇ" ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಮಾತ್ರ ಸೋರುವ ನಲ್ಲಿ ಸೋರುತ್ತಲೇ ಇತ್ತು. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಅತ್ತಿಗೆ ಆ ನಲ್ಲಿಯ ಕೆಳಗೆ ಬಕೆಟ್ ಇಡುವಾಗಲೆಲ್ಲ ಹೇಳುತ್ತಿದ್ದರು. ಹೇಳಿ ನಗುತ್ತಿದ್ದರು.

ತಾಯಿ ತೀರಿಕೊಂಡಾಗ ಅವನಿನ್ನೂ ಶಾಲೆಗೆ ಹೋಗುವ ಹುಡುಗ. ಅಣ್ಣ ದೂರದ ಊರುಗಳಿಗೆ ಲಾರಿ ಓಡಿಸುವವನು, ಮನೆಗಿಂತ ರಸ್ತೆಯಲ್ಲೇ ಇರುವುದು ಹೆಚ್ಚು. ಹಾಗಾಗಿ ಈ ಮೈದುನನನ್ನು ಸಾಕಿ ಮನುಷ್ಯನನ್ನಾಗಿ ಮಾಡಿದ್ದು ಅತ್ತಿಗೆಯೇ. ಮೀಸೆ ಬಂದು ಎಷ್ಟು ಕಾಲವಾದರೂ ಅವರ ಬಾಯಲ್ಲಿ ಅವನು ಇನ್ನೂ "ಮರಿ". ಚಿಕ್ಕವನಿದ್ದಾಗ ಸಂಜೆಯಾದರೆ ಅವರು ಹರಿದ ಬಟ್ಟೆಗೆ ಸೂಜಿ ಹಾಕುತ್ತ ಕೂರುತ್ತಿದ್ದರು, ಇವನು ಪಾಠ ಓದಬೇಕಿತ್ತು. ಮನಸ್ಸಿನಲ್ಲೇ ಓದಿಕೊಂಡರೆ ನಡೆಯುತ್ತಿರಲಿಲ್ಲ. "ಗಟ್ಟಿಯಾಗಿ ಓದು, ನನಗೆ ಕೇಳಿಸಬೇಕು." ಆಟದ ಆಸೆಗೆ ಒಂದೆರಡು ಸಾಲು ನುಂಗಿಬಿಟ್ಟರೆ, ತಲೆ ಎತ್ತದೆಯೇ ಹಿಡಿದುಬಿಡುತ್ತಿದ್ದರು. "ನಡುವೆ ಏನೋ ಹಾರಿಸಿದೆ. ಮೊದಲಿಂದ ಓದು." ಅತ್ತಿಗೆಗೆ ಪುಸ್ತಕವೆಲ್ಲ ಬಾಯಿಪಾಠ ಎಂದೇ ಅವನು ನಂಬಿದ್ದ.

ಅತ್ತಿಗೆ ಒಂದು ದೊಡ್ಡ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಮೊದಲು ಇಸ್ತ್ರಿ ಮೇಜಿನ ಮುಂದೆ, ಉಗಿಯಲ್ಲಿ ಬೆಂದುಕೊಂಡು, ವರ್ಷಾನುಗಟ್ಟಲೆ. ಆಮೇಲೆ ಬಟ್ಟೆ ಕೋಣೆಯ ಮೇಲ್ವಿಚಾರಣೆ ಸಿಕ್ಕಿತು. ಯಾವ ಮಹಡಿಗೆ ಎಷ್ಟು ಹಾಸು, ಎಷ್ಟು ದಿಂಬಿನ ಚೀಲ, ಎಷ್ಟು ಟವೆಲು, ಎಲ್ಲ ಅವರ ಕೈಯಿಂದಲೇ ಹೋಗಬೇಕು. ಕೋಣೆಯ ಕೀಲಿಗೊಂಚಲು ಸೊಂಟಕ್ಕೆ ಬಂದ ದಿನ ಅವರು ಮನೆಯಲ್ಲಿ ಕಾರಣವಿಲ್ಲದೆ ಅತ್ತಿಂದಿತ್ತ ಓಡಾಡಿದ್ದರು, ಅದು ಝಣಝಣ ಎನ್ನಲಿ ಎಂದು. ಮ್ಯಾನೇಜರು ಬೇಕಾದ್ದನ್ನು ಫೋನಿಗೆ ಮೆಸೇಜು ಹಾಕುತ್ತಿದ್ದರು. ಅತ್ತಿಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಕೆಲಸ ಮಾಡುತ್ತಿದ್ದರು. "ಯಾವ ಹಾಡು ಅತ್ತಿಗೆ, ನಮಗೂ ಸ್ವಲ್ಪ ಕೇಳಿಸಿ" ಎಂದು ಮೈದುನ ರೇಗಿಸುತ್ತಿದ್ದ. ಅವರು ನಕ್ಕುಬಿಡುತ್ತಿದ್ದರು.

ಒಂದು ರಜೆಯ ದಿನ ಅವನ ಕಣ್ಣು ಆ ಫೋನಿನ ಮೇಲೆ ಬಿತ್ತು.

"ಜಾಗ ಇಲ್ಲ, ಜಾಗ ಇಲ್ಲ ಅಂತ ಬಡ್ಕೊಳ್ತಿದೆ ಪಾಪ. ಕೊಡಿ ಇಲ್ಲಿ, ಕ್ಲೀನ್ ಮಾಡ್ತೀನಿ."

"ಏನೂ ಕೆಡಿಸಬೇಡ ಮರಿ."

"ನಾನಾ? ಕೆಡಿಸೋದಾ?"

ಫೋನಿನ ಜೊತೆಗೇ ಹುಟ್ಟಿ ಬರುವ ಆಪ್‌ಗಳಿರುತ್ತವಲ್ಲ, ಅವನ್ನು ಬುಡಸಮೇತ ಕಿತ್ತು ಬಿಸಾಡಲು ಕಂಪನಿಯವರು ಬಿಡುವುದಿಲ್ಲ. ಸೆಟ್ಟಿಂಗ್ಸಿನ ಒಳಗೆ ಹೊಕ್ಕು, ಒಂದೊಂದನ್ನೇ ಹುಡುಕಿ, "ನಿಷ್ಕ್ರಿಯಗೊಳಿಸಿ" ಎಂಬುದನ್ನು ಒತ್ತಿ ಬಾಯಿ ಮುಚ್ಚಿಸಬಹುದು, ಅಷ್ಟೇ. ಅವನಿಗೆ ಅದರಲ್ಲಿ ಎಂಥದೋ ಖುಷಿ. ಯಾರೂ ಆಡದ ಆಟ, ಯಾರೂ ನೋಡದ ಸುದ್ದಿ, ಷೇರುಪೇಟೆ, ಕಂಪನಿಯದೇ ಇನ್ನೊಂದು ಅಂಗಡಿ, ಎಲ್ಲದರ ಬಾಯಿ ಮುಚ್ಚಿಸಿದ. ಇದನ್ನು ನಿಲ್ಲಿಸಿದರೆ ಬೇರೆ ಕೆಲಸಗಳೂ ನಿಲ್ಲಬಹುದು ಎಂದು ಫೋನು ಪ್ರತಿಸಲವೂ ಬರೆದು ತೋರಿಸಿತು. ಅವನು ಪ್ರತಿಸಲವೂ ಓದದೆ ಒತ್ತಿದ.

"ಅಯ್ಯೋ ಅತ್ತಿಗೆ, ಇಲ್ಲೊಂದು ಇದೆ ನೋಡಿ! ಬರೆದಿದ್ದನ್ನ ಫೋನೇ ಓದಿ ಹೇಳುತ್ತಂತೆ. ಎಷ್ಟು ಜಾಗ ತಿಂದುಕೊಂಡು ಕೂತಿದೆ. ಕಣ್ಣಿಲ್ಲದವರಿಗಾದ್ರೆ ಸರಿ, ಕಣ್ಣಿರೋರಿಗೆ ಯಾಕಪ್ಪಾ ಇದು?"

ಬಟ್ಟೆ ಹಿಂಡುತ್ತಿದ್ದ ಅತ್ತಿಗೆಯ ಕೈ ನಿಂತಿತು. "ಇರಲಿ ಬಿಡೋ. ಅದರ ಪಾಡಿಗೆ ಅದು ಇದ್ರೆ ನಿನಗೇನು ಕಷ್ಟ?"

"ಸೋಮಾರಿಗಳನ್ನ ಸಾಕಬಾರದು ಅತ್ತಿಗೆ" ಎಂದು ಅದನ್ನೂ ಒತ್ತಿಯೇಬಿಟ್ಟ. ಫೋನು ಕುದುರೆಯಾಯಿತು. ಅತ್ತಿಗೆ ಒದ್ದೆ ಕೈಯನ್ನು ಒರೆಸಿಕೊಂಡು ಅದನ್ನು ತೆಗೆದುಕೊಂಡರು, ಸ್ವಲ್ಪ ಹೊತ್ತು ಹಿಂದೆಮುಂದೆ ನೋಡಿದರು. "ಒಳ್ಳೇದಾಯ್ತು" ಅಂದರು. ಮರುದಿನದಿಂದ ಇಯರ್‌ಫೋನು ಅಡುಗೆಮನೆಯ ಮೊಳೆಗೆ ನೇತುಬಿತ್ತು. ಅವನು ಅದನ್ನು ನೋಡಿದ, ನೋಡಿಯೂ ಏನೂ ಅಂದುಕೊಳ್ಳಲಿಲ್ಲ.

ಅಲ್ಲಿಂದ ಮುಂದೆ ಅತ್ತಿಗೆಯ ಕಣ್ಣು ಮಂಜಾಗತೊಡಗಿತು. "ಮರಿ, ಅಕ್ಷರ ಎಲ್ಲ ಕಲಸಿಕೊಂಡ ಹಾಗೆ ಕಾಣುತ್ತೆ. ಇದೇನು ಬಂದಿದೆ ಸ್ವಲ್ಪ ಓದು." ಮೊದಮೊದಲು ಓದಿ ಹೇಳಿದ. ಆಮೇಲೆ "ನಾನೇನು ನಿಮ್ಮ ಗುಮಾಸ್ತನಾ?" ಎಂದು ತಮಾಷೆ ಮಾಡಿದ. ಬರುವಾಗ ಬಲ್ಬು ತನ್ನಿ ಎಂದು ಅವನು ತನ್ನ ಅಂಗಡಿಯಿಂದ ಮೆಸೇಜು ಹಾಕಿದರೆ ಅತ್ತಿಗೆ ಬರಿಗೈಯಲ್ಲಿ ಬಂದರು. ಅದಕ್ಕೂ ಒಂದು ಕುಚೋದ್ಯದ ಮೆಸೇಜು ಕಳಿಸಿದ. ಕನ್ನಡಕದ ಅಂಗಡಿಯವನ ಮನೆಯಲ್ಲೇ ಕನ್ನಡಕವಿಲ್ಲ ಎಂದು ಬೇಕರಿಯವನ ಮುಂದೆ ನಕ್ಕ. ಅದೇ ಅತ್ತಿಗೆ ದೀಪದ ಕೆಳಗೂ ಹೋಗದೆ ಸೂಜಿಗೆ ದಾರ ಪೋಣಿಸುವುದನ್ನು ದಿನಾ ನೋಡುತ್ತಿದ್ದನಲ್ಲ, ಎರಡನ್ನೂ ಕೂಡಿಸಿ ನೋಡುವಷ್ಟು ಪುರುಸೊತ್ತು ಈ ಬುದ್ಧಿವಂತನಿಗಿರಲಿಲ್ಲ.

ಹೋಟೆಲಿನಲ್ಲಿ ಒಂದು ಮಹಡಿಗೆ ತಿಗಣೆ ಬಿದ್ದಿತು. ಆ ಮಹಡಿಯ ಬಟ್ಟೆಯನ್ನು ಬೇರೆ ಇಡಿ, ಉಳಿದದ್ದರ ಜೊತೆ ಬೆರೆಸಬೇಡಿ ಎಂದು ಮ್ಯಾನೇಜರು ಮೆಸೇಜು ಹಾಕಿದರು. ಅತ್ತಿಗೆ ಎಂದಿನಂತೆ, ಆಗಲಿ ಎನ್ನುವ ಹೆಬ್ಬೆರಳಿನ ಗುರುತು ಕಳಿಸಿದರು. ಎಲ್ಲ ಬಟ್ಟೆಯೂ ಒಂದೇ ರಾಶಿಗೆ ಹೋಯಿತು, ತಿಗಣೆ ಇಡೀ ಹೋಟೆಲು ಸುತ್ತಿತು. ಮ್ಯಾನೇಜರು ಎಲ್ಲರೆದುರೂ ಕೂಗಾಡಿದರು. "ಕಣ್ಣು ಕಾಣಲ್ಲ ಸಾರ್" ಎಂದು ಅತ್ತಿಗೆ ಅಂದಾಗ, "ಹಾಗಾದ್ರೆ ಕಣ್ಣು ತೋರಿಸಿಕೊಂಡು ಕನ್ನಡಕ ಹಾಕ್ಕೊಂಡು ಬನ್ನಿ. ಇಲ್ಲಾಂದ್ರೆ ಕೀಲಿ ಇಟ್ಟು ಇಸ್ತ್ರಿ ಮೇಜಿಗೆ ನಡೀರಿ" ಅಂದರು.

"ಅಷ್ಟೇ ತಾನೆ? ನಮ್ಮಂಗಡಿ ಇರೋದ್ಯಾಕೆ?" ಎಂದು ಮೈದುನ ಉತ್ಸಾಹದಿಂದ ಎದ್ದ. ಅತ್ತಿಗೆ ಬೇಡವೆಂದರು, ನಾಳೆ ಎಂದರು, ಸುಮ್ಮನೆ ಯಾವುದಾದರೂ ಒಂದು ತಂದುಕೊಡು ಸಾಕು ಎಂದರು. "ಚಪ್ಪಲಿಯಾ ಅದು, ಅಳತೆಯಿಲ್ಲದೆ ತರಕ್ಕೆ?" ಎಂದು ಅವನು ಕೈಹಿಡಿದು ಕರೆದುಕೊಂಡೇ ಹೋದ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಎತ್ತರದ ಕುರ್ಚಿ, ಎದುರಿನ ಗೋಡೆಯಲ್ಲಿ ದೀಪದ ಹಲಗೆ. ಮೇಲಿನ ಸಾಲಿನಲ್ಲಿ ಬೋಗುಣಿಯಷ್ಟು ದೊಡ್ಡ ಅಕ್ಷರ, ಕೆಳಗಿಳಿದಂತೆ ಸಾಸಿವೆಯಷ್ಟು. ಯಜಮಾನರು ಅತ್ತಿಗೆಯ ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಇಟ್ಟು, "ಮೇಲಿಂದ ಓದಿ ತಾಯಿ" ಅಂದರು.

"ಕಾಣಲ್ಲ" ಅಂದರು ಅತ್ತಿಗೆ.

ಗಾಜು ಬದಲಾಯಿತು. "ಈಗ?"

"ಕಾಣಲ್ಲ."

"ಏನತ್ತಿಗೆ, ಮೊದಲನೇ ಅಕ್ಷರ ನನ್ನ ತಲೆಯಷ್ಟಿದೆ!" ಎಂದು ಮೈದುನ ಬಾಗಿಲ ಬಳಿಯಿಂದ ನಕ್ಕ. ಅತ್ತಿಗೆ ನಗಲಿಲ್ಲ. ಮಡಿಲಲ್ಲಿ ಎರಡೂ ಕೈ ಒಂದನ್ನೊಂದು ಹಿಂಡುತ್ತಿದ್ದವು.

ಯಜಮಾನರು ಆ ಕೈಗಳನ್ನು ನೋಡಿದರು. ಆಮೇಲೆ ಏನೂ ಆಗಿಲ್ಲವೆಂಬಂತೆ ಹಲಗೆಯನ್ನು ತೆಗೆದು ತಿರುಗಿಸಿ ಹಾಕಿದರು. ಅದರ ಹಿಂಬದಿಯಲ್ಲಿ ಅಕ್ಷರಗಳಿಲ್ಲ. ಬಾಚಣಿಗೆಯ ಹಾಗಿರುವ ಮೂರು ಕಾಲಿನ ಒಂದೇ ಗುರುತು, ಒಂದೊಂದು ಕಡೆ ಕಾಲು ಚಾಚಿಕೊಂಡು, ಸಾಲುಸಾಲಾಗಿ ಇಳಿಯುತ್ತದೆ. "ಕಾಲು ಯಾವ ಕಡೆ ಇದೆ, ಕೈಯಲ್ಲಿ ತೋರಿಸಿ ಸಾಕು." ಅತ್ತಿಗೆಯ ಕೈ ಎದ್ದಿತು. ಮೇಲೆ, ಕೆಳಗೆ, ಆ ಕಡೆ, ಈ ಕಡೆ. ಎಲ್ಲೂ ತಡೆಯದೆ, ಸಾಸಿವೆಯಷ್ಟು ಸಣ್ಣ ಕೊನೆಯ ಸಾಲಿನವರೆಗೆ.

ಮೈದುನನ ನಗು ಅರ್ಧಕ್ಕೇ ನಿಂತಿತು. ಆ ಹಲಗೆಯನ್ನು ದಿನಾ ಬೆಳಿಗ್ಗೆ ಒರೆಸುವವನು ಅವನೇ. ಹಿಂಬದಿಯನ್ನು ಯಾರಿಗೆ ತೋರಿಸುತ್ತಾರೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಇನ್ನೂ ಶಾಲೆಗೆ ಸೇರದ ಮಕ್ಕಳಿಗೆ, ಅಕ್ಷರ ಬಾರದವರಿಗೆ.

"ಕಣ್ಣು ಚೊಕ್ಕವಾಗಿದೆ ತಾಯಿ. ಕನ್ನಡಕ ಏನೂ ಬೇಡ" ಎಂದರು ಯಜಮಾನರು. ಅವನ ಮುಖ ನೋಡಿ, "ಟೀ ಹೇಳಿ ಬರ್ತೀನಿ" ಎಂದು ಹೊರಗೆ ಹೋದರು. ಫೋನ್ ಡಾಕ್ಟ್ರೇ ಎನ್ನಲಿಲ್ಲ.

ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ. ಗಟ್ಟಿಯಾಗಿ ಓದು ಎಂದದ್ದು, ಮೊಳೆಗೆ ನೇತುಬಿದ್ದ ಇಯರ್‌ಫೋನು, ಇರಲಿ ಬಿಡೋ ಎಂದಾಗಿನ ಆ ಒದ್ದೆ ಕೈ, ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತವು. ಕಣ್ಣಿಲ್ಲದವರಿಗೆ ಎಂದಿದ್ದ. ಸೋಮಾರಿ ಎಂದಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಗುಂಡಿ ಒತ್ತಿದ್ದನ್ನಾದರೂ ತಿರುಗಿ ಒತ್ತಬಹುದಲ್ಲ ಎಂದು ಅವನಿಗೆ ಹೊಳೆಯಿತು.

"ಫೋನು ಒಂದು ನಿಮಿಷ ಕೊಡಿ ಅತ್ತಿಗೆ."

ಅವರು ಕೊಟ್ಟರು. ಕುರ್ಚಿಯಿಂದ ಇಳಿಯಲಿಲ್ಲ. ಅವನು ಗೋಡೆಯ ಕಡೆ ತಿರುಗಿ ನಿಂತು, ಸೆಟ್ಟಿಂಗ್ಸಿನ ಒಳಗೆ ಹೊಕ್ಕು, ಬಾಯಿ ಮುಚ್ಚಿಸಿದ್ದನ್ನು ಹುಡುಕಿ ಬಿಡಿಸಿದ. ಅಷ್ಟರಿಂದ ಆಗಲಿಲ್ಲ. ಮೊದಲಿದ್ದ ದನಿ ಹೊರಟುಹೋಗಿತ್ತು, ಹೊಸದನ್ನು ಇಳಿಸಿಕೊಳ್ಳಬೇಕಾಯಿತು. ಬಂತೋ ಇಲ್ಲವೋ ನೋಡೋಣವೆಂದು ಕೈಗೆ ಸಿಕ್ಕಿದ ಒಂದು ಮೆಸೇಜನ್ನು ಮುಟ್ಟಿದ.

"ಅತ್ತಿಗೆ, ಎರಡು ಸಾಲು ಓದಕ್ಕೆ ಎರಡು ದಿನ ಬೇಕಾ," ಎಂದಿತು ಫೋನು, ಏರಿಳಿತವಿಲ್ಲದ ಗಂಡು ದನಿಯಲ್ಲಿ, ಕೋಣೆಯೆಲ್ಲ ಕೇಳುವ ಹಾಗೆ. "ಶಾಲೆಗೆ ಸೇರಿಸ್ತೀನಿ ಬನ್ನಿ. ಹ. ಹ. ಹ."

ಅವನು ಫೋನನ್ನು ಎದೆಗೆ ಒತ್ತಿಕೊಂಡ. ಅದು ಆಗಲೇ ಹೇಳಿ ಮುಗಿಸಿತ್ತು.

"ಇದನ್ನೂ ಕಳಿಸಿದ್ಯಾ?" ಅಂದರು ಅತ್ತಿಗೆ. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

"ಅವತ್ತೇ ಯಾಕೆ ಹೇಳಲಿಲ್ಲ ಅತ್ತಿಗೆ? ಒಂದು ಮಾತು ಅಂದಿದ್ರೆ ನಾನು ಮುಟ್ತಿದ್ನಾ?"

"ನಿಮ್ಮಣ್ಣ ತೋರಿಸಿಕೊಟ್ಟಿದ್ರು ಅದನ್ನ. ಅವರೊಬ್ಬರಿಗೇ ಗೊತ್ತಿದ್ದಿದ್ದು. ಅಂಕಿ ಬರುತ್ತೆ ನನಗೆ, ಅಕ್ಷರ ಬರಲ್ಲ." ಅತ್ತಿಗೆ ಹಲಗೆಯನ್ನೇ ನೋಡುತ್ತಿದ್ದರು. "ನಿನ್ನ ಪಾಠ ಕೇಳೋಳು ನಾನು. ಅವಳಿಗೇ ಬರಲ್ಲ ಅಂತ ಗೊತ್ತಾದ್ರೆ ನೀನು ಓದ್ತಿದ್ಯಾ? ದೊಡ್ಡವನಾಗಲಿ, ಆಮೇಲೆ ಹೇಳೋಣ ಅಂದ್ಕೊಂಡೆ. ದೊಡ್ಡವನಾದ್ಮೇಲೆ ನಾಚಿಕೆ ಆಯ್ತು."

"ತಪ್ಪು ನಂದು. ಈಗಲೇ ಹೋಗಿ ಮ್ಯಾನೇಜರ್‌ಗೆ ಹೇಳ್ತೀನಿ. ನಾನೇ ಕೆಡಿಸಿದ್ದು ಅಂತ ಹೇಳ್ತೀನಿ."

"ಏನನ್ನ ಕೆಡಿಸಿದೆ ಅಂತ ಹೇಳ್ತೀಯ?"

ಅತ್ತಿಗೆಯ ಗುಟ್ಟನ್ನು ಬೀದಿಗೆ ತರದೆ ತನ್ನ ತಪ್ಪನ್ನು ಒಪ್ಪಿಕೊಳ್ಳುವ ದಾರಿಯೇ ಇರಲಿಲ್ಲ. ತಪ್ಪು ಮಾಡುವಾಗ ಎಷ್ಟು ಸುಲಭವಿತ್ತು, ಒಂದು ಬೆರಳಿನ ಕೆಲಸ.

ಎದೆಗೊತ್ತಿಕೊಂಡಿದ್ದ ಫೋನು ಗುರ್ ಎಂದಿತು. ತಿರುಗಿಸಿ ಹಿಡಿದರೆ ಮ್ಯಾನೇಜರ ಫೋಟೋ ಮೂಡಿತ್ತು. ಅತ್ತಿಗೆ ಫೋಟೋ ನೋಡಿಯೇ ಗುರುತು ಹಿಡಿದರು. ಅವನು ಬೆರಳು ಚಾಚಿದ, ಫೋನೇ ಓದಲಿ ಎಂದು. ಅತ್ತಿಗೆ ಅವನ ಕೈ ತಡೆದರು.

"ಅದು ಬೇಡ. ಆ ದನಿ ಯಾರದೋ ಏನೋ. ನೀನೇ ಓದು."

ಮೆಸೇಜಿನಲ್ಲಿ ಹೀಗಿತ್ತು: "ನಾಳೆ ಬಂದ ಕೂಡಲೇ ಕೀಲಿಯನ್ನು ಆಫೀಸಿಗೆ ಒಪ್ಪಿಸಿ. ಕನ್ನಡಕ ಹಾಕಿಕೊಂಡು ಬಂದರೂ ಪ್ರಯೋಜನವಿಲ್ಲ. ನಿಮ್ಮದು ಕಣ್ಣಿನ ತೊಂದರೆ ಅಲ್ಲ ಎಂದು ಇಲ್ಲಿ ಎಲ್ಲರೂ ಮಾತಾಡಿಕೊಂಡು ನಗುತ್ತಿದ್ದಾರೆ. ಇಸ್ತ್ರಿ ಮೇಜಿನಲ್ಲಿ ಓದುವ ಕೆಲಸವಿಲ್ಲ, ಅಲ್ಲಿಗೆ ಹೋಗಿ."

ಅತ್ತಿಗೆ ಕಣ್ಣು ಮುಚ್ಚಿಕೊಂಡು, ತಲೆಯನ್ನು ಕೊಂಚ ಓರೆ ಮಾಡಿ, ಸೂಜಿ ಹಿಡಿದು ಪಾಠ ಕೇಳುತ್ತಿದ್ದ ಹಾಗೆಯೇ ಕೂತಿದ್ದರು.

"ನಾಳೆ ಬಂದ ಕೂಡಲೇ ಕೀಲಿಯನ್ನು ಆಫೀಸಿಗೆ ಒಪ್ಪಿಸಿ," ಎಂದು ಓದಿದ. "ಇಸ್ತ್ರಿ ಮೇಜಿಗೆ ಹೋಗಿ." ಓದಿ, ಫೋನನ್ನು ಆರಿಸಿದ.

ಅತ್ತಿಗೆ ಕಣ್ಣು ತೆರೆಯಲಿಲ್ಲ.

"ನಡುವೆ ಏನೋ ಹಾರಿಸಿದೆ" ಅಂದರು. "ಮೊದಲಿಂದ ಓದು, ಮರಿ."

ಅವನು ಫೋನನ್ನು ಮತ್ತೆ ಬೆಳಗಿಸಿ, ಒಂದಕ್ಷರವನ್ನೂ ಬಿಡದೆ, ಗಟ್ಟಿಯಾಗಿ ಓದಿದ.